ದ್ವೀಪಕ್ಕೆ ಹೋಗುವ ಮುನ್ನ ಹುಮನಾಬಾದಿಗೆ ಬನ್ನಿ

ಲಕ್ಷದ್ವೀಪಕ್ಕೆ ಹೋಗುವ ಮೊದಲು ನಾಲ್ಕು ದಿನ ನಮ್ಮಲ್ಲಿಗೆ ಬಂದು ಹೋಗಿ ಎಂದು ನಾನು ಫೋನಿನಲ್ಲಿ ಹೇಳಿದಾಗ ನೀವೆಲ್ಲ ನಕ್ಕಿರಿ. "ಅಲ್ಲಿ ಸಮುದ್ರ ಅದ. ನಿಮ್ಮ ಹುಮನಾಬಾದಿನಾಗ ಏನದ ಆಯಿ?" ಎಂದು ಮೊಮ್ಮಗಳು ಕೇಳಿದಳು. ಸಮುದ್ರ ನಮ್ಮಲ್ಲಿ ಇಲ್ಲ, ನಿಜ. ಬೀದರ ಜಿಲ್ಲೆಯಿಂದ ಯಾವ ದಿಕ್ಕಿಗೆ ಹೊರಟರೂ ಉಪ್ಪುನೀರು ಕಾಣಬೇಕಾದರೆ ಹಗಲೆಲ್ಲ ಪ್ರಯಾಣ ಮಾಡಬೇಕು. ಆದರೆ ಸಮುದ್ರ ನೋಡುವುದು, ಅಲ್ಲಿನ ಊಟ ಉಣ್ಣುವುದು, ಅಲ್ಲಿನ ಮಂದಿಯನ್ನು ಕಾಣುವುದು, ಹೀಗೆ ಮೂರು ಆಸೆ ಇಟ್ಟುಕೊಂಡು ಹೊರಟಿದ್ದೇವೆ ಎಂದವರು ನೀವೇ. ಸಮುದ್ರ ನೋಡುವುದನ್ನು ಯಾರೂ ಕಲಿಸಬೇಕಾಗಿಲ್ಲ. ಇನ್ನೊಬ್ಬರ ಊರಿನಲ್ಲಿ ಕೂತು ಉಣ್ಣುವುದನ್ನು ಕಲಿಯಬೇಕಾಗುತ್ತದೆ. ಅದಕ್ಕೆ ಹುಮನಾಬಾದ್, ಬಸವಕಲ್ಯಾಣಗಳಿಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ನೀವು ಮೊಬೈಲಿನಲ್ಲಿ ಮಾಡಿಟ್ಟುಕೊಂಡ ಪಟ್ಟಿಯನ್ನು ಮೊಮ್ಮಗಳು ನನಗೂ ಕಳಿಸಿದ್ದಳು. ಯಾವ ದ್ವೀಪದಲ್ಲಿ ಏನು ತಿನ್ನಬೇಕು, ಎಲ್ಲಿ ತಿನ್ನಬೇಕು, ಎಷ್ಟು ದುಡ್ಡು, ಎಲ್ಲ ಇದೆ. ಯಾರ ಜೊತೆ ಕೂತು ತಿನ್ನುತ್ತೀರಿ ಎಂಬುದಷ್ಟೇ ಇಲ್ಲ. ಬರೀ ತಿನಿಸು ಹುಡುಕಿಕೊಂಡು ಹೋದವರಿಗೆ ತಿನಿಸು ಸಿಗುತ್ತದೆ, ಮಂದಿಯನ್ನು ಹುಡುಕಿಕೊಂಡು ಹೋದವರಿಗೆ ಎರಡೂ ಸಿಗುತ್ತವೆ. ನಾನು ಹೇಳಬೇಕೆಂದಿರುವುದು ಇದೊಂದೇ. ಉಳಿದದ್ದೆಲ್ಲ ಅದನ್ನು ಮಾಡುವ ಬಗೆ.

ನಮ್ಮದು ಹಾದಿಯ ಮೇಲಿನ ಊರು. ಪುಣೆ, ಸೊಲ್ಲಾಪುರ ದಾಟಿ ಹೈದರಾಬಾದಿಗೆ ಹೋಗುವ 65ನೇ ರಾಷ್ಟ್ರೀಯ ಹೆದ್ದಾರಿಯೂ, ಬೀದರದಿಂದ ಕಲಬುರಗಿ, ವಿಜಯಪುರದ ಕಡೆ ಇಳಿಯುವ 50ನೇ ಹೆದ್ದಾರಿಯೂ ಇಲ್ಲೇ ಕೂಡುತ್ತವೆ. 2017ರಿಂದ ಬೀದರ–ಕಲಬುರಗಿ ರೈಲೂ ಇದೆ. ಹೊರಗಿನವರು ಇಲ್ಲಿಯವರಿಗೆ ಹೊಸಬರಲ್ಲ. ಕಿರಾಣಿ ಅಂಗಡಿಯವರು ಒಬ್ಬ ಗಿರಾಕಿಗೆ ಕನ್ನಡದಲ್ಲಿ ಬೆಲೆ ಹೇಳಿ, ಪಕ್ಕದವರಿಗೆ ಮರಾಠಿಯಲ್ಲಿ ಚಿಲ್ಲರೆ ಎಣಿಸಿ ಕೊಟ್ಟು, ಹಿಂದೆ ನಿಂತವರನ್ನು ದಖನಿ ಉರ್ದುವಿನಲ್ಲಿ ಮಾತನಾಡಿಸುತ್ತಾರೆ. ತೆಲುಗೂ ಬೇಕಾದಷ್ಟು ಬರುತ್ತದೆ. ಇಂಥ ಊರಿನಲ್ಲಿ ಬೆಳಿಗ್ಗೆ ಎಂಟು ಗಂಟೆಗೆ ಬಸ್‌ಸ್ಟ್ಯಾಂಡಿನ ಹತ್ತಿರದ ಸಣ್ಣ ಹೋಟೆಲಿನ ಬೆಂಚಿನ ಮೇಲೆ ಕೂತುಕೊಳ್ಳಿ. ಒಂದು ಪ್ಲೇಟು ಸುಸಲಾ, ಎರಡು ಮಿರ್ಚಿ ಭಜಿ, ಚಾ. ಕಿವಿಯಲ್ಲಿ ವೈರು ಸಿಕ್ಕಿಸಿಕೊಳ್ಳಬೇಡಿ. ಐದು ನಿಮಿಷದೊಳಗೆ ಎದುರಿನವರು ಕೇಳುತ್ತಾರೆ: "ಯಾವೂರಾಯ್ತು ನಿಮ್ದು?"

ಇಲ್ಲೇ ನಿಮ್ಮ ಪೀಳಿಗೆಯವರು ಎಡವುತ್ತೀರಿ. "ಬೆಂಗಳೂರು" ಎಂದು ಒಂದೇ ಮಾತು ಹೇಳಿ ಮುಖ ಕೆಳಗೆ ಹಾಕುತ್ತೀರಿ. ಕೇಳಿದವರು ನಿಮ್ಮ ಮನೆತನದ ಲೆಕ್ಕ ತೆಗೆಯಲು ಕೇಳಿಲ್ಲ, ಮಾತಿಗೆ ಬಾಗಿಲು ತೆರೆದಿದ್ದಾರೆ. ಅಜ್ಜಿಯ ಊರು ಯಾವುದು, ಯಾಕೆ ಬಂದಿರಿ, ಇನ್ನೂ ಎಲ್ಲಿ ಹೋಗುವವರಿದ್ದೀರಿ, ಬಿಡಿಸಿ ಹೇಳಿ. ಆಮೇಲೆ ನೀವೂ ಕೇಳಿ: ಈ ವರ್ಷ ತೊಗರಿ ಹೇಗಾಯಿತು, ಮಳೆ ಹದಕ್ಕೆ ಬಂತೇ, ಮಕ್ಕಳು ಎಲ್ಲಿ ಓದುತ್ತಾರೆ. ಉದ್ದು, ಹೆಸರು, ತೊಗರಿ, ಕಬ್ಬು, ಶುಂಠಿ ಬೆಳೆಯುವ ಸೀಮೆ ಇದು. ಬೆಳೆಯ ಮಾತು ತೆಗೆದರೆ ಬಾಯಿ ಕಟ್ಟಿಕೊಂಡು ಕೂತಿರುವವರು ಯಾರೂ ಸಿಗುವುದಿಲ್ಲ. ಆ ಮಾತು ಮುಗಿಯುವ ಹೊತ್ತಿಗೆ "ಮನಿಗಿ ಬರ್ರಿ, ಉಂಡು ಹೋಗ್ರಿ" ಎಂಬ ಕರೆ ಬಂದೇ ಬರುತ್ತದೆ.

ಕರೆ ಬಂದಾಗ ಏನು ಮಾಡಬೇಕು ಎಂಬುದು ಮುಖ್ಯ. ಒಮ್ಮೆ ಕರೆದರೆ ಅದು ಮರ್ಯಾದೆಯ ಮಾತಿರಬಹುದು. ಎರಡನೇ ಸಲ, ಮೂರನೇ ಸಲ ಕರೆದು ಹೊತ್ತು ಹೇಳಿದರೆ ಹೋಗಿ. ಹೋಗುವುದಾದರೆ ಎಷ್ಟು ಮಂದಿ, ಎಷ್ಟು ಹೊತ್ತಿಗೆ ಎಂದು ಮೊದಲೇ ಹೇಳಿ, ಆ ಹೊತ್ತಿಗೇ ಹೋಗಿ. ಯಾಕೆ ಇಷ್ಟು ಒತ್ತಿ ಹೇಳುತ್ತೇನೆಂದರೆ, ಜೋಳದ ರೊಟ್ಟಿ ಹೇಗಾಗುತ್ತದೆ ಎಂಬುದು ನಿಮಗೆ ಗೊತ್ತಿಲ್ಲ. ಬಂದಾಗ ಅಡುಗೆಮನೆಯ ಬಾಗಿಲಲ್ಲಿ ಕೂತು ನೋಡಿ. ಪರಾತದಲ್ಲಿ ಹಿಟ್ಟು ಹಾಕಿ, ನಡುವೆ ಗುಳಿ ಮಾಡಿ, ಕುದಿಯುವ ಎಸರು ಹಾಕಬೇಕು. ಕೈಗೆ ತಾಳುವಷ್ಟು ಆರಿದ ಮೇಲೆ ಅಂಗೈಯಿಂದ ಉಜ್ಜಿ ಉಜ್ಜಿ ನಾದಬೇಕು. ಜೋಳದ ಹಿಟ್ಟಿಗೆ ಗೋಧಿಯ ಜಿಗುಟು ಇಲ್ಲ. ಆ ಬಿಸಿನೀರು, ಆ ನಾದುವಿಕೆ ಇವೇ ಅದನ್ನು ಹಿಡಿದಿಡುವುದು. ಒಂದೊಂದೇ ಉಂಡೆ ಮತ್ತೆ ನಾದಿ, ಒಣಹಿಟ್ಟು ಉದುರಿಸಿ, ಎರಡೂ ಕೈಯಿಂದ ತಿರುಗಿಸುತ್ತ ಬಡಿಯಬೇಕು. ಅಂಚು ಬಿರಿಯಬಾರದು. ಹಂಚಿನ ಮೇಲೆ ಹಾಕಿ ಮೇಲ್ಭಾಗಕ್ಕೆ ನೀರು ಸವರಿ, ಆ ನೀರು ಆರುವ ಹೊತ್ತಿಗೆ ಸರಿಯಾಗಿ ತಿರುವಿ ಹಾಕಿದರೆ ರೊಟ್ಟಿ ಉಬ್ಬುತ್ತದೆ. ಒಂದು ರೊಟ್ಟಿಗೆ ಇಷ್ಟು ಕೆಲಸ. ಬೇಸಿಗೆಯಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟಿದ ದಿನವೂ ಇಷ್ಟೇ ಕೆಲಸ. ಹಂಚಿನಿಂದ ಇಳಿದ ರೊಟ್ಟಿ ನೇರ ನಿಮ್ಮ ತಾಟಿಗೆ ಬೀಳುತ್ತದೆ. ಜೊತೆಗೆ ಪುಂಡಿಪಲ್ಲೆ, ಜುಣಕ, ಶೇಂಗಾ ಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿ. ಪುಂಡಿಪಲ್ಲೆಯ ಹುಳಿಯನ್ನು ತೊಗರಿಬೇಳೆ, ಜೋಳದ ನುಚ್ಚು ಹದಕ್ಕೆ ತರುತ್ತವೆ. ಬಳ್ಳೊಳ್ಳಿ ಒಗ್ಗರಣೆ ಬಿದ್ದ ಮೇಲೆ ಅದರ ಮುಂದೆ ಯಾವ ಪಲ್ಲೆಯೂ ನಿಲ್ಲುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ನೀವು ತಡ ಮಾಡಿ ಹೋದರೆ ಆ ಹೆಣ್ಣುಮಗಳು ಒಲೆ ಆರಿಸದೆ ಕಾಯುತ್ತಾಳೆ. ನೀವು ಉಂಡ ಮೇಲೆ ಅವಳು ಉಣ್ಣುವುದು. ಅದಕ್ಕೇ ಹೇಳುತ್ತೇನೆ, ರೊಟ್ಟಿ ಬಡಿಯುತ್ತಿರುವವರ ಹತ್ತಿರ ಮಾತನಾಡಿ, ಹೆಸರು ಕೇಳಿ, ಯಾವ ಊರಿನಿಂದ ಸೊಸೆಯಾಗಿ ಬಂದರು ಕೇಳಿ. ಬಂದ ನೆಂಟರು ಗಂಡಸರ ಜೊತೆಗಷ್ಟೇ ಮಾತನಾಡಿ ಎದ್ದು ಹೋಗುವುದನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಇಡೀ ಊಟವನ್ನು ಮಾಡಿದವರಿಗೆ ಒಂದು ಮಾತೂ ದಕ್ಕುವುದಿಲ್ಲ. ನಿಮ್ಮಿಂದ ಹಾಗಾಗಬಾರದು. ಸಾಕಾದರೆ ಬಡಿಸುವ ಮೊದಲೇ ತಾಟಿನ ಮೇಲೆ ಕೈ ಅಡ್ಡ ಹಿಡಿಯಿರಿ. ತಾಟಿಗೆ ಬಿದ್ದದ್ದನ್ನು ಬಿಟ್ಟೇಳಬೇಡಿ. ಏಳುವಾಗ ಮನೆಯವರ ಕೈಗೆ ದುಡ್ಡು ತುರುಕಬೇಡಿ, ಅದು ಅವರಿಗೆ ನೋವು. ಹಣ್ಣು ಒಯ್ಯಿರಿ, ಮಕ್ಕಳಿದ್ದರೆ ಪುಸ್ತಕ ಒಯ್ಯಿರಿ.

ಸಾಧ್ಯವಾದರೆ ಎಳ್ಳಮಾಸಿಗೆ ಬನ್ನಿ. ಮಾರ್ಗಶಿರದ ಅಮಾವಾಸ್ಯೆ, ಡಿಸೆಂಬರ್ ಕೊನೆಗೋ ಜನವರಿಯಲ್ಲೋ ಬರುತ್ತದೆ. ಆವತ್ತು ಪೇಟೆಯ ಅರ್ಧಕ್ಕರ್ಧ ಅಂಗಡಿಗಳು ಮುಚ್ಚಿರುತ್ತವೆ, ಎಲ್ಲರೂ ಹೊಲದಲ್ಲಿರುತ್ತಾರೆ. ಹೊಲದಲ್ಲಿ ಐದು ಕಲ್ಲು ಇಟ್ಟು ಪಾಂಡವರೆಂದು ಪೂಜೆ ಮಾಡಿ, ಬೆಳೆಯ ನಡುವೆ ಚರಗ ಚೆಲ್ಲಿ, ಮರದ ನೆರಳಲ್ಲಿ ಊಟಕ್ಕೆ ಕೂಡುವುದು. ಆ ದಿನದ ರಾಜ ಭಜ್ಜಿ. ಎಣ್ಣೆಯಲ್ಲಿ ಕರಿದದ್ದಲ್ಲ, ಆ ಹಂಗಾಮಿನ ತರಕಾರಿ, ಸೊಪ್ಪು, ಹಸಿ ತೊಗರಿಕಾಳು, ಅವರೆ, ಹಸಿಕಡಲೆ ಎಲ್ಲ ಕೂಡಿಸಿ ಬೇಯಿಸಿದ ದಪ್ಪನೆಯ ಪಲ್ಲೆ. ಜೊತೆಗೆ ಸಜ್ಜೆ ರೊಟ್ಟಿ, ಕಡುಬು, ಹುಗ್ಗಿ, ಕುಡಿಯಲು ತಂಪು ಅಂಬಲಿ. ಹೊಲ ಇದ್ದವರು ಇಲ್ಲದವರನ್ನು ಕರೆಯುವ ಹಬ್ಬ ಇದು. ಜಾತಿ, ಧರ್ಮ ಕೇಳುವುದಿಲ್ಲ. ಆಫೀಸಿನ ಸಾಹೇಬರು, ಶಾಲೆಯ ಮಾಸ್ತರರು, ಮುಸಲ್ಮಾನ ನೆರೆಯವರು, ಹಾದಿಯಲ್ಲಿ ಸಿಕ್ಕ ಹೊರ ಊರಿನವರು, ಎಲ್ಲರೂ ಒಂದೇ ಚಾಪೆಯ ಮೇಲೆ. ಯಾರ ಹೊಲದ ಬದುವಿನ ಮೇಲೆ ನಡೆದು ಹೋದರೂ "ಉಂಡು ಹೋಗ್ರಿ" ಎನ್ನುತ್ತಾರೆ. ನಾಲ್ಕು ಹೊಲದಲ್ಲಿ ನಾಲ್ಕು ತುತ್ತು ಉಂಡರೆ ಸಾಕು, ಒಂದರಲ್ಲೇ ಹೊಟ್ಟೆ ತುಂಬಿಸಿಕೊಂಡು ಉಳಿದವರಿಗೆ "ಒಲ್ಲೆ" ಎನ್ನಬೇಡಿ.

ಬಸವಕಲ್ಯಾಣಕ್ಕೆ ಇಲ್ಲಿಂದ ಬಸ್ಸಿನಲ್ಲಿ ಒಂದು ಗಂಟೆಯ ಹಾದಿ. ಸಸ್ತಾಪುರ ಬಂಗ್ಲಾದ ಹತ್ತಿರ ಹೆದ್ದಾರಿ ಬಿಟ್ಟು ಒಳಗೆ ತಿರುಗಬೇಕು. 11ನೇ ಶತಮಾನದಲ್ಲಿ ಚಾಲುಕ್ಯರ ಒಂದನೇ ಸೋಮೇಶ್ವರ ಮಾನ್ಯಖೇಟದಿಂದ ರಾಜಧಾನಿಯನ್ನು ಅಲ್ಲಿಗೆ ತಂದ ಮೇಲೆ ಕಲ್ಯಾಣ ಹೊರಗಿನಿಂದ ಬಂದವರ ಊರಾಯಿತು. ಬಿಲ್ಹಣ ಕಾಶ್ಮೀರದಿಂದ ಊರೂರು ಅಲೆಯುತ್ತ ಬಂದು ಆರನೇ ವಿಕ್ರಮಾದಿತ್ಯನ ಆಸ್ಥಾನದಲ್ಲಿ ನೆಲೆ ಕಂಡ. ಆಮೇಲೆ ಶರಣರ ಕಾಲದಲ್ಲಿ ಬಳ್ಳಿಗಾವಿಯ ಕಡೆಯಿಂದ ಅಲ್ಲಮ, ಉಡುತಡಿಯಿಂದ ಅಕ್ಕ ಬಂದರು. ಸೌದೆ ಮಾರುತ್ತಿದ್ದ ಮೋಳಿಗೆಯ ಮಾರಯ್ಯ ಕಾಶ್ಮೀರದ ಅರಸನಾಗಿದ್ದವನು ಎನ್ನುತ್ತದೆ ಪರಂಪರೆ. ಹೀಗೆ ಬಂದವರನ್ನೆಲ್ಲ ಉಣಿಸಿದ್ದು ಬಸವಣ್ಣನವರ ಮಹಾಮನೆ. ಯಾರ ಜೊತೆ ಯಾರು ಕೂತು ಉಣ್ಣಬಾರದು ಎಂದು ಶಾಸ್ತ್ರ ಕಟ್ಟಳೆ ಹಾಕಿದ್ದ ಕಾಲದಲ್ಲಿ ಒಂದೇ ಪಂಕ್ತಿಯಲ್ಲಿ ಎಲ್ಲರಿಗೂ ಬಡಿಸುವುದು ಸಣ್ಣ ಧೈರ್ಯವಲ್ಲ.

ಅದೇ ಮಹಾಮನೆಯ ಅಂಗಳದ ಕಥೆಯೊಂದನ್ನು ನೀವು ದ್ವೀಪದ ತನಕ ಒಯ್ಯಬೇಕು. ಆಯ್ದಕ್ಕಿ ಮಾರಯ್ಯ ಅಂಗಳದಲ್ಲಿ ಬಿದ್ದ ಅಕ್ಕಿಕಾಳು ಆಯ್ದು ತಂದು, ಅದರಿಂದಲೇ ಅಡುಗೆ ಮಾಡಿಸಿ ಜಂಗಮರಿಗೆ ಉಣಿಸುತ್ತಿದ್ದ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಹೆಂಡತಿ ಲಕ್ಕಮ್ಮ ಅಡುಗೆಗೆ ಕೈ ಹಾಕಲಿಲ್ಲ. ಇದು ನಮ್ಮ ಪಾಲಿಗಿಂತ ಹೆಚ್ಚಾಯಿತು, ಎಲ್ಲಿಂದ ತಂದಿರೋ ಅಲ್ಲೇ ಸುರಿದು ಬನ್ನಿ ಎಂದು ಗಂಡನನ್ನು ವಾಪಸು ಕಳಿಸಿದಳು. ಬಸವಕಲ್ಯಾಣದಲ್ಲಿ ಅಕ್ಕನಾಗಮ್ಮನ ಗವಿ ನೋಡುತ್ತೀರಿ, ನುಲಿಯ ಚಂದಯ್ಯನ ಗವಿ ನೋಡುತ್ತೀರಿ, ದೊಡ್ಡ ಬಸವ ಪ್ರತಿಮೆಯ ಮುಂದೆ ಚಿತ್ರ ತೆಗೆಸಿಕೊಳ್ಳುತ್ತೀರಿ, ಅದೆಲ್ಲ ಆಗಲಿ. ಲಕ್ಕಮ್ಮನ ಕಥೆಯನ್ನು ಮಾತ್ರ ಅಲ್ಲಿಯ ಯಾರಾದರೂ ಹಿರಿಯರ ಬಾಯಿಂದ ಕೇಳಿಕೊಂಡು ಬನ್ನಿ. ಅವರು ಹೇಳುವ ಹಾಗೆ ನನಗೆ ಬರೆಯಲು ಬರುವುದಿಲ್ಲ.

ಕಲ್ಯಾಣದ ಇನ್ನೊಂದು ಕೊಡುಗೆಯ ಬಗ್ಗೆ ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. ಮೂರನೇ ಸೋಮೇಶ್ವರ ಇಲ್ಲಿ ಆಳುತ್ತ, 1129ರ ಸುಮಾರಿಗೆ, ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ಬರೆದ. ಅದರಲ್ಲಿ ಊಟಕ್ಕೇ ಒಂದು ಅಧ್ಯಾಯವಿದೆ. ಉದ್ದಿನ ಹಿಟ್ಟಿನಿಂದ ಮಾಡುವ, ನಮ್ಮ ಇಡ್ಲಿಯ ಪೂರ್ವಜನಂಥ ಇಡ್ಡರಿಕೆ ಅಲ್ಲಿದೆ. ದೋಸೆ, ವಡೆ, ಮಂಡಿಗೆಯ ಜಾತಿಯವು ಇವೆ. ಮೀನು ಹೆಚ್ಚಿ ಹುರಿಯುವುದು, ಏಡಿ ಸುಡುವುದು, ಹೊಲದಲ್ಲಿ ಮೇದು ಬಲಿತ ಇಲಿಯನ್ನು ಬೇಯಿಸುವುದೂ ಇದೆ. ಮೀನು ಹಿಡಿಯುವ ವಿನೋದವನ್ನು ಹೇಳುವಾಗ ನದಿಯ ಮೀನು, ಸಮುದ್ರದ ಮೀನು ಎರಡನ್ನೂ ಹೆಸರಿಟ್ಟು ಎಣಿಸುತ್ತಾನೆ. ಕಡಲಿಂದ ಇಷ್ಟು ದೂರದ ಬಯಲುಸೀಮೆಯ ಅರಸನಿಗೆ ಎಷ್ಟೊಂದು ಮಂದಿಯ ಒಲೆಯ ಸುದ್ದಿ ತಿಳಿದಿತ್ತು ನೋಡಿ! ನಾನು ಹುಟ್ಟಿನಿಂದ ಶಾಕಾಹಾರಿ. ಆದರೂ ಇನ್ನೊಬ್ಬರ ತಾಟು ನೋಡಿ ಮೂಗು ಮುರಿಯಬಾರದು ಎಂಬುದಕ್ಕೆ ನಮ್ಮ ನೆಲದ್ದೇ ಪುಸ್ತಕ ಸಾಕ್ಷಿ ಇದೆ ಎಂದು ಹೆಮ್ಮೆ ಪಡುತ್ತೇನೆ.

ಹುಮನಾಬಾದಿನಲ್ಲಿ ಒಂದು ಹೊತ್ತಿನ ಊಟವನ್ನು ಮಾಣಿಕನಗರಕ್ಕೆಂದು ಇಟ್ಟುಕೊಳ್ಳಿ. ಮಾಣಿಕಪ್ರಭುಗಳು (1817–1865) ಬಸವಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ ಹುಟ್ಟಿ, ನಮ್ಮ ಊರಿನ ಮಗ್ಗುಲಲ್ಲಿ ನೆಲೆ ನಿಂತವರು. ಎಲ್ಲ ಮತಗಳೂ ಸತ್ಯ ಎಂಬ ಅವರ ಸಂಪ್ರದಾಯಕ್ಕೆ ಸಕಲಮತ ಎಂದೇ ಹೆಸರು. ಕನ್ನಡ, ಮರಾಠಿ, ಹಿಂದಿ, ಸಂಸ್ಕೃತಗಳಲ್ಲಿ ಪದ ಕಟ್ಟಿದವರು. ಅಲ್ಲಿಯ ಭಂಡಾರಖಾನೆಯಲ್ಲಿ ಬಂದವರಿಗೆ ಊಟವಿದೆ. ದತ್ತಜಯಂತಿಯ ಉತ್ಸವಕ್ಕೆ ಬಂದರೆ ಊಟದ ಜೊತೆ ಸಂಗೀತವೂ ಸಿಗುತ್ತದೆ. ಪಂಕ್ತಿಯಲ್ಲಿ ಪಕ್ಕಕ್ಕೆ ಯಾರು ಕೂತಿದ್ದಾರೆ ಎಂದು ನೋಡಿ ಜಾಗ ಬದಲಿಸಬೇಡಿ. ಉಂಡಾದ ಮೇಲೆ ಕೆಲಸವಿದ್ದರೆ ಕೈ ಹಚ್ಚಿ. ಬಡಿಸುವವರ ಜೊತೆ ಒಂದು ಪಂಕ್ತಿ ಬಡಿಸಿ ನೋಡಿದ ಮೇಲೆ, ಉಣ್ಣಲು ಕೂತಾಗ ನಿಮ್ಮ ನಡತೆಯೇ ಬೇರೆಯಾಗುತ್ತದೆ.

ಹೊರಡುವ ಮುಂಚೆ ಜಲಸಂಗ್ವಿಗೂ ಹೋಗಿ ಬನ್ನಿ, ನಮ್ಮ ತಾಲೂಕಿನದೇ ಹಳ್ಳಿ. ಚಾಲುಕ್ಯರ ಗುಡಿಯ ಗೋಡೆಯ ಮೇಲೆ ಒಬ್ಬ ಶಿಲಾಬಾಲಿಕೆ ಬೆನ್ನು ತಿರುಗಿಸಿ ನಿಂತು ಶಾಸನ ಬರೆಯುತ್ತಿದ್ದಾಳೆ. ಏಳು ದ್ವೀಪಗಳ ಭೂಮಿಯನ್ನೆಲ್ಲ ವಿಕ್ರಮಾದಿತ್ಯ ತನ್ನದಾಗಿ ಮಾಡಿಕೊಳ್ಳುವನು ಎಂಬುದು ಅವಳು ಬರೆಯುವುದರ ತಾತ್ಪರ್ಯ. ಅರಸರು ದ್ವೀಪವೆಂದರೆ ಗೆಲ್ಲುವುದು ಎಂದುಕೊಂಡರು. ಇವತ್ತಿನ ಪ್ರವಾಸಿಗಳಲ್ಲೂ ಆ ಗುಣ ಉಳಿದಿದೆ, ಇಷ್ಟು ದ್ವೀಪ ಮುಗಿಸಿದೆವು, ಅಷ್ಟು ಮುಗಿಸಿದೆವು ಎಂದು ಎಣಿಸುತ್ತಾರೆ. ನೀವು ಒಂದೇ ದ್ವೀಪಕ್ಕೆ ಹೋಗಿ, ಐದು ದಿನ ಅಲ್ಲೇ ಇದ್ದು, ಒಂದೇ ಅಂಗಡಿಯಲ್ಲಿ ದಿನಾ ಚಾ ಕುಡಿಯಿರಿ.

ಲಕ್ಷದ್ವೀಪ ನಮಗೆ ಪೂರ್ತಿ ಪರ ಊರೂ ಅಲ್ಲ. ಅಮಿನಿ, ಕಡ್ಮತ್, ಕಿಲ್ತಾನ್, ಚೆಟ್ಲಾತ್, ಬಿತ್ರಾ, ಈ ಅಮಿನ್‌ದಿವಿ ದ್ವೀಪಗಳು 1956ರ ತನಕ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ದ್ವೀಪದವರು ತೆಂಗಿನ ನಾರಿನ ಹುರಿ ಹೊಸೆದು ಹಡಗಿನಲ್ಲಿ ಮಂಗಳೂರಿಗೆ ತಂದು ಸರ್ಕಾರದ ಉಗ್ರಾಣಕ್ಕೆ ಕೊಟ್ಟರೆ, ಅದಕ್ಕೆ ಬದಲಾಗಿ ಅಕ್ಕಿ ಸಿಗುತ್ತಿತ್ತು. ಅವರ ಅನ್ನದ ಅಕ್ಕಿ ಕನ್ನಡ ಕರಾವಳಿಯಿಂದ ಹೋಗುತ್ತಿತ್ತು. 1956ರ ನವೆಂಬರ್ 1ರಂದು ನಮ್ಮ ಬೀದರ ಜಿಲ್ಲೆ ಹೈದರಾಬಾದ್ ರಾಜ್ಯ ಬಿಟ್ಟು ಕನ್ನಡ ನಾಡಿಗೆ ಸೇರಿತು, ಅದೇ ದಿನ ಆ ದ್ವೀಪಗಳು ಮಂಗಳೂರಿನ ಆಡಳಿತ ಬಿಟ್ಟು ಕೇಂದ್ರಾಡಳಿತಕ್ಕೆ ಹೋದವು. ಅಲ್ಲಿಯ ಹಿರಿಯರು ಸಿಕ್ಕರೆ ಮಂಗಳೂರಿನ ಹಳೆಯ ಮಾತು ತೆಗೆಯಿರಿ.

ಅಲ್ಲಿ ಲಕ್ಕಮ್ಮ ನೆನಪಿರಲಿ ಎಂದದ್ದಕ್ಕೆ ಕಾರಣವಿದೆ. ಇಡೀ ಲಕ್ಷದ್ವೀಪದ ನೆಲ ಸುಮಾರು 32 ಚದರ ಕಿಲೋಮೀಟರ್. ಜನ 2011ರ ಗಣತಿಯಲ್ಲಿ 64 ಸಾವಿರ ಚಿಲ್ಲರೆ, ಹೆಚ್ಚುಕಡಿಮೆ ನಮ್ಮ ಬಸವಕಲ್ಯಾಣ ಪಟ್ಟಣದಷ್ಟು. ಹೊಳೆ ಇಲ್ಲ, ಕೆರೆ ಇಲ್ಲ. ಹವಳದ ನೆಲದ ಕೆಳಗೆ ಉಪ್ಪುನೀರಿನ ಮೇಲೆ ತೇಲುವ ತೆಳುವಾದ ಸಿಹಿನೀರಿನ ಪದರವೇ ಬಾವಿಗೆ ಆಧಾರ. ಹೆಚ್ಚು ಎಳೆದರೆ ಉಪ್ಪು ಏರುತ್ತದೆ. ಕವರತ್ತಿಯಲ್ಲಿ 2005ರಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ಸ್ಥಾವರ ಬಂತು, ದಿನಕ್ಕೆ ಒಂದು ಲಕ್ಷ ಲೀಟರಿನದು. ಅಕ್ಕಿ, ಬೇಳೆ, ತರಕಾರಿ ಹಡಗಿನಲ್ಲಿ ಬರಬೇಕು. ಮಳೆಗಾಲದಲ್ಲಿ ಕಡಲು ಕೆರಳಿದರೆ ಅದೂ ತಡ. ಅಂಥ ಕಡೆ ಅರ್ಧ ಗಂಟೆ ಸ್ನಾನ ಮಾಡುವುದು, ತಾಟಿನಲ್ಲಿ ಅನ್ನ ಬಿಟ್ಟೇಳುವುದು ಅವರ ಪಾಲನ್ನು ಕಿತ್ತುಕೊಂಡಂತೆ. ಒಯ್ದ ಪ್ಲಾಸ್ಟಿಕ್ಕನ್ನೆಲ್ಲ ವಾಪಸು ತನ್ನಿ.

ತಿನ್ನುವುದು ಅಲ್ಲಿ ಇರುವುದನ್ನೇ. ಸೂರೆ ಮೀನು ಅಂದರೆ ಟ್ಯೂನಾ, ಅದನ್ನು ಬೇಯಿಸಿ ಹೊಗೆ ಕೊಟ್ಟು ಒಣಗಿಸಿದ ಮಾಸ್, ತೆಂಗಿನಕಾಯಿ ಎಲ್ಲದರಲ್ಲೂ. ಅಕ್ಕಿಹಿಟ್ಟಿನ ತೆಳ್ಳನೆಯ ಕಿಲಾಂಜಿಯನ್ನು ತೆಂಗಿನ ಹಾಲು, ಬೆಲ್ಲದ ಜೊತೆ ತಿನ್ನುತ್ತಾರಂತೆ. ಗೆಳೆಯರಲ್ಲಿ ಮೀನು ತಿನ್ನದವರಿದ್ದರೆ ಅಡುಗೆಗೆ ಮೊದಲೇ ನಗುನಗುತ್ತ ಹೇಳಿಬಿಡಿ. ಬಡಿಸಿದ ಮೇಲೆ ತಾಟು ಸರಿಸಬೇಡಿ. ಅಲ್ಲಿಯವರು ಹೆಚ್ಚಾಗಿ ಮುಸಲ್ಮಾನರು. ರಂಜಾನ್ ತಿಂಗಳಾದರೆ ಹಗಲು ಬೀದಿಯಲ್ಲಿ ತಿನ್ನುತ್ತ ತಿರುಗಬೇಡಿ, ಸಂಜೆ ಕರೆದರೆ ಹೋಗಿ ಕೂತು ಉಣ್ಣಿ. ಬಂಗಾರಂ ಬಿಟ್ಟರೆ ಎಲ್ಲೂ ಮದ್ಯಕ್ಕೆ ಅವಕಾಶವಿಲ್ಲ, ಆ ನಿಯಮವನ್ನು ಮುರಿಯಲು ದಾರಿ ಹುಡುಕಬೇಡಿ. ದ್ವೀಪ ಪ್ರವೇಶಕ್ಕೆ ಪರವಾನಗಿ ಬೇಕು, ಅದನ್ನು ಕೈಯಲ್ಲಿ ಇಟ್ಟುಕೊಂಡೇ ಕೊಚ್ಚಿಯಿಂದ ಹಡಗನ್ನೋ ವಿಮಾನವನ್ನೋ ಹತ್ತಿ.

ಇನ್ನೊಂದು ಮಾತು. ಮುಂದಿನ ವರ್ಷ ಅಂಡಮಾನ್ ಎನ್ನುತ್ತಿದ್ದೀರಿ. ಅಲ್ಲಿ ಕರೆದು ಉಣಿಸುವ ಬಂಗಾಳಿ ಮನೆಗಳಿವೆ, ಛೋಟಾನಾಗಪುರದಿಂದ ಬಂದು ನೆಲೆಸಿದವರಿದ್ದಾರೆ. ಮಾಯಾಬಂದರಿನ ಕಡೆ 1925ರಿಂದ ಬರ್ಮಾದ ಕರೆನ್ನರ ಹಳ್ಳಿಗಳಿವೆ. ಅವರೆಲ್ಲರ ಹತ್ತಿರ ಹೋಗಿ. ಅಲ್ಲಿಯ ಕಾಡಿನ ಆದಿವಾಸಿಗಳಾದ ಜಾರವರ ಹತ್ತಿರ ಮಾತ್ರ ಹೋಗಬೇಡಿ. ಅವರ ಕಾಡಿನ ನಡುವೆ ಹೋಗುವ ರಸ್ತೆಯಲ್ಲಿ ವಾಹನದಿಂದ ಬಿಸ್ಕತ್ತು, ಬಾಳೆಹಣ್ಣು ಎಸೆದು ಚಿತ್ರ ತೆಗೆದ ಪ್ರವಾಸಿಗಳ ಸುದ್ದಿ ಓದಿ ನನಗೆ ತಡೆಯಲಾರದ ಸಿಟ್ಟು ಬಂದಿತ್ತು. ಅವರಿಗೆ ತಿನಿಸು ಕೊಡುವುದು, ಅವರ ಚಿತ್ರ ತೆಗೆಯುವುದು ಕಾನೂನಿನ ಪ್ರಕಾರ ಅಪರಾಧ. ಅವರು ನಮ್ಮನ್ನು ಕರೆದಿಲ್ಲ. ಕರೆಯದವರ ಮನೆಗೆ ಹೋಗಬಾರದು ಎಂಬುದು ನಿಮಗೆ ಚಿಕ್ಕಂದಿನಲ್ಲೇ ಹೇಳಿಕೊಟ್ಟದ್ದು, ಅದು ಅಲ್ಲಿಗೂ ಅನ್ವಯಿಸುತ್ತದೆ.

ಬರಿಗೈಯಲ್ಲಿ ದ್ವೀಪಕ್ಕೆ ಹೋಗಬೇಡಿ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಒಯ್ಯಿರಿ. ನೀವು ಹಾದಿಯಲ್ಲಿ ತಿಂದು ಮುಗಿಸಲಿಕ್ಕಲ್ಲ, ನಿಮ್ಮನ್ನು ಉಣ್ಣಲು ಕರೆದವರ ಮನೆಗೆ. ನಿಮ್ಮ ಊರಿನವರು ಏನು ತಿನ್ನುತ್ತಾರೆ ಎಂದು ಅವರೂ ಕೇಳುತ್ತಾರೆ. ಆಗ ಮೊಬೈಲಿನಲ್ಲಿ ಚಿತ್ರ ತೋರಿಸುವುದಕ್ಕಿಂತ ಒಂದು ರೊಟ್ಟಿ ಮುರಿದು ಕೈಗೆ ಕೊಡುವುದು ಮೇಲು. ಸಮುದ್ರದ ಗಾಳಿಗೆ ರೊಟ್ಟಿ ಮೆತ್ತಗಾಗುತ್ತದೆ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ನೀವೇ ತನ್ನಿ. ಬರುವ ದಿನ ಯಾವುದೆಂದು ಒಂದು ವಾರ ಮೊದಲೇ ಹೇಳಿ. ಜೋಳ ಹಸನು ಮಾಡಿ ಗಿರಣಿಗೆ ಕಳಿಸಬೇಕು, ಅಗಸಿ ಹುರಿಯಬೇಕು, ಪಕ್ಕದ ಮನೆಯವರನ್ನು ಕೈಗೂಡಿಸಲು ಕರೆಯಬೇಕು.